ಒಗೆಯಬಾರದ ಅಂಗಿ

ಚಾಚಾನ ಎಡ ಭುಜ ಬಲ ಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೆಲಸ. ಚಿಲ್ಲರೆ ತುಂಬಿದ ಚರ್ಮದ ಚೀಲ ವರ್ಷಾನುಗಟ್ಟಲೆ ಆ ಒಂದೇ ಭುಜದ ಮೇಲೆ ಜಗ್ಗಿ ಜಗ್ಗಿ, ಕೊನೆಗೆ ಚೀಲ ಇಳಿಸಿಟ್ಟರೂ ಭುಜ ಮೇಲೇಳುತ್ತಿರಲಿಲ್ಲ. ಬೇರೆಯವರ ಕಣ್ಣಿಗೆ ಇದು ಬೀಳುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ನಾನು ಹೊಲಿಗೆಯವಳು, ನನಗೆ ಮನುಷ್ಯರ ಮುಖಕ್ಕಿಂತ ಮೊದಲು ಭುಜ ಕಾಣುತ್ತದೆ.

ಗುಬ್ಬಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಈಚೆ ಅಮ್ಮ ಮತ್ತು ನಾನು, ಮುಂದಿನ ಕೋಣೆಯಲ್ಲಿ ನನ್ನ ಮಷಿನ್ನು. ಆಚೆ ಚಾಚಾ ಮತ್ತು ಚಾಚಿ. ದೇವರು ಬೇರೆ, ಹಬ್ಬ ಬೇರೆ, ಆದರೆ ಗೋಡೆಯ ಆಚೆಯ ಒಗ್ಗರಣೆಯ ವಾಸನೆಗೆ ಈಚೆ ಸೀನು ಬರುತ್ತಿತ್ತು. ತುಮಕೂರಿನಿಂದ ಗುಬ್ಬಿ ಮೇಲೆ ಚೇಳೂರಿಗೆ ಹೋಗಿ ಬರುವ ಬಸ್ಸು ಅವರದು. ನನಗೆ ಬೇಕಾದ ದಾರ, ಹುಕ್ಕು, ಲೈನಿಂಗ್ ಬಟ್ಟೆಯನ್ನೆಲ್ಲ ತುಮಕೂರಿನಿಂದ ತಂದುಕೊಡುತ್ತಿದ್ದವರು ಅವರೇ. ಬಣ್ಣ ಮಾತ್ರ ಒಂದು ಸಲವೂ ಸರಿಯಾಗಿ ತಂದವರಲ್ಲ. ನಾನು ತಕರಾರು ಮಾಡಲು ಅವರ ಹೊಸ್ತಿಲು ತುಳಿದರೆ ಒಳಗೆ ಕೂಗಿ ಹೇಳುವರು: "ಲೇ, ಚೆಕಿಂಗ್ ಬಂತು ಕಣೇ! ಟೀ ಇಡು, ಬುಟ್ಟು ಕಳಿಸ್ತಾರೋ ಏನೋ."

ಬಸ್ಸಿನಲ್ಲಿ ಅವರದೊಂದು ಪದ್ಧತಿ ಇತ್ತು. ಕಂಕುಳಲ್ಲಿ ಮಗು, ಕೈಯಲ್ಲಿ ಗಂಟು ಹಿಡಿದ ತಾಯಂದಿರು ಹತ್ತುವಾಗ ಬೇರೆ ಕಂಡಕ್ಟರುಗಳು "ಬೇಗ ಬೇಗ" ಎಂದು ಒದರುತ್ತಿದ್ದರೆ, ಚಾಚಾ ಕೈ ಚಾಚಿ ಮಗುವನ್ನು ಈಸಿಕೊಳ್ಳುತ್ತಿದ್ದರು. ತಾಯಿಗೆ ಸೀಟು ಸಿಗುವವರೆಗೂ ಮಗು ಅವರ ಎಡಗೈ ಮೇಲೆ. ಬಲಗೈಯಲ್ಲಿ ಟಿಕೆಟ್ ಹರಿಯುವುದು, ಬಾಯಲ್ಲಿ ಸೀಟಿ. ಅಳುವ ಮಗು ಆ ಸೀಟಿಗೆ ಬೆರಗಾಗಿ ಸುಮ್ಮನಾಗುತ್ತಿತ್ತು. ಎಷ್ಟೋ ದಿನ ಖಾಕಿ ಅಂಗಿಯ ಮೇಲೆ ಮಕ್ಕಳ ಜೊಲ್ಲು, ವಾಂತಿ, ಇನ್ನೂ ಏನೇನೋ ಅಂಟಿಸಿಕೊಂಡು ಮನೆಗೆ ಬರುತ್ತಿದ್ದರು.

ಅವರಿಗೆ ಮಕ್ಕಳಿರಲಿಲ್ಲ. ಒಂದು ಗಂಡುಮಗು ಆಗಿತ್ತು, ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ಇನ್ನೂ ತೊದಲು ನುಡಿಯುವುದಕ್ಕೂ ಮೊದಲು ಅದಕ್ಕೆ ಜ್ವರ ಬಂತು. ಮೈ ಕೆಂಡವಾಗಿದ್ದ ಮಗುವಿಗೆ ಚಾಚಿ ಬೆಚ್ಚಗಿನ ನೀರು ಹುಯ್ದು ಸ್ನಾನ ಮಾಡಿಸಿದರು. ಮಾರನೆಯ ದಿನ ಮಗು ಉಳಿಯಲಿಲ್ಲ. ಅದು ಮೆದುಳು ಜ್ವರ, ನೀರಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ತುಮಕೂರಿನ ಡಾಕ್ಟರು ಹೇಳಿದರು. ಚಾಚಾ ಹೇಳಿದರು, ನಮ್ಮ ಅಮ್ಮ ಹೇಳಿದಳು. ಚಾಚಿ ಎಲ್ಲರ ಮಾತಿಗೂ ತಲೆಯಾಡಿಸಿದರು, ಯಾರ ಮಾತನ್ನೂ ನಂಬಲಿಲ್ಲ. ಆಮೇಲೆ ಯಾರ ಮನೆಯ ಬಾಣಂತನಕ್ಕೆ ಹೋದರೂ ಅಡುಗೆ ಮಾಡುವರು, ಬಟ್ಟೆ ಒಗೆಯುವರು, ಕೂಸಿನ ಸ್ನಾನದ ಹೊತ್ತಿಗೆ ಮಾತ್ರ ಹಿತ್ತಲಿಗೆ ಎದ್ದು ಹೋಗಿಬಿಡುವರು.

ತೊಂಬತ್ತರ ದಶಕದ ನಡುವಿನ ಒಂದು ಬೇಸಗೆಯಲ್ಲಿ, ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಚಾಚಾನ ಬಸ್ಸು ಹೊರಡಲು ಸಿದ್ಧವಾಗಿ ನಿಂತಿದ್ದಾಗ ಒಂದು ಕೊಲೆ ಆಯಿತು. ಆಗಷ್ಟೇ ಟಿಕೆಟ್ ತೆಗೆದುಕೊಂಡು ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಹುಡುಗನನ್ನು ಇಬ್ಬರು ಫುಟ್‌ಬೋರ್ಡಿನಿಂದ ಕೆಳಗೆಳೆದು, ಹಾಡಹಗಲಲ್ಲಿ, ಪಿಸ್ತೂಲಿನಿಂದ ಹೊಡೆದು ಹೋದರು. ಸಾರಾಯಿ ಕಂಟ್ರಾಕ್ಟರ್ ಕಡೆಯವರು. ಅದೇನೋ ಹಳೆಯ ದ್ವೇಷ. ಬಸ್ಸು ತುಂಬ ಜನ ಇದ್ದರು. ಪೊಲೀಸರು ಬಂದಾಗ ಒಬ್ಬರಿಗೆ ಕಿಟಕಿಯಲ್ಲಿ ಧೂಳು, ಇನ್ನೊಬ್ಬರಿಗೆ ಕಣ್ಣಲ್ಲಿ ಪೊರೆ, ಮತ್ತೊಬ್ಬರಿಗೆ ನಿದ್ದೆ. ಚಾಚಾ ಮಾತ್ರ ಆ ಇಬ್ಬರಲ್ಲಿ ಒಬ್ಬನ ಗುರುತು ಹೇಳಿದರು. ಅವನು ಅವರ ಬಸ್ಸಿನಲ್ಲಿ ಯಾವಾಗಲೂ ಪುಕ್ಕಟೆ ಓಡಾಡುತ್ತಿದ್ದವನು.

ನನಗೆ ಕೋಪ ಬಂದಿತ್ತು. ನೇರವಾಗಿ ಹೋಗಿ ಕೇಳಿದೆ: "ಅಷ್ಟು ಜನಕ್ಕೆ ಕಾಣದ್ದು ನಿಮ್ಮೊಬ್ಬರಿಗೇ ಯಾಕೆ ಕಾಣಬೇಕಿತ್ತು ಚಾಚಾ? ಚಾಚಿ ಗತಿ ಏನು?"

ಅವರು ಟೀ ಲೋಟ ಕೆಳಗಿಟ್ಟರು. "ಆ ಹುಡ್ಗ ಟಿಕೆಟ್ ತಗೊಂಡಿದ್ದ ಕಣವ್ವ, ಚೇಳೂರಿಗೆ. ನನ್ನ ಬಸ್ ಹತ್ತಿದೋನು. ಚೇಳೂರಿನ್‌ಗಂಟ ಅವ್ನು ನನ್ನ ಜವಾಬ್ದಾರಿ ಅಲ್ವಾ?"



ಕೇಸು ತುಮಕೂರಿನ ಕೋರ್ಟಿಗೆ ಹೋಯಿತು. ಜಾಮೀನಿನ ಮೇಲೆ ಹೊರಗೆ ಬಂದವರು ಸುಮ್ಮನಿರುತ್ತಾರೆಯೇ? ಚೇಳೂರು ರಸ್ತೆಯಲ್ಲಿ ಬಸ್ಸಿನ ಪಕ್ಕಕ್ಕೇ ಮೋಟರ್ ಬೈಕು ಬಿಟ್ಟುಕೊಂಡು ಬಂದು, ಅಂಗಿ ಎತ್ತಿ, ಸೊಂಟದಲ್ಲಿದ್ದ ಪಿಸ್ತೂಲು ತೋರಿಸಿ ನಕ್ಕು ಹೋದರು. ಡ್ರೈವರ್ ಬಂದು ಹೇಳಿದ್ದರಿಂದ ನಮಗೆ ತಿಳಿಯಿತು. ಚಾಚಾ ಬಾಯಿ ಬಿಟ್ಟಿರಲಿಲ್ಲ. ಸ್ಟೇಷನ್ನಿನಿಂದ ಒಬ್ಬ ಪೇದೆಯನ್ನು ಸ್ವಲ್ಪ ದಿನ ಬಸ್ಸಿನಲ್ಲಿ ಕಳಿಸಿದರು, ಆಮೇಲೆ ಅವನಿಗೆ ಬೇರೆ ಬಂದೋಬಸ್ತು ಬಂತು. ಚಾಚಿ ಊಟ ಬಿಟ್ಟರು. ಬೆಳಿಗ್ಗೆ ಗಂಡ ಹೊರಟ ಮೇಲೆ ಸಂಜೆ ಬಸ್ಸಿನ ಹಾರ್ನ್ ಕೇಳುವವರೆಗೆ ಅವರ ಗಂಟಲಲ್ಲಿ ನೀರು ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ನಮ್ಮ ಅಮ್ಮ ಮುದ್ದೆ ಹಿಡಿದುಕೊಂಡು ಹೋಗಿ ಬೈದು ನೋಡಿದಳು, ಅತ್ತು ನೋಡಿದಳು. ಮುದ್ದೆ ಹಾಗೇ ವಾಪಸ್ಸು ಬರುತ್ತಿತ್ತು.

ಆಗ ಬಂದವರು ಕುಣಿಗಲ್‌ನ ಸುಬೇದಾರರು. ಚಾಚಾ ಹುಟ್ಟಿದ್ದೂ ಕುಣಿಗಲ್‌ನಲ್ಲೇ. ಇಬ್ಬರೂ ಕುದುರೆ ಫಾರಂ ಕಾಂಪೌಂಡಿನ ಪಕ್ಕ ಗೋಲಿ ಆಡಿ ಬೆಳೆದವರು. ಸುಬೇದಾರರು ಮಿಲಿಟರಿಯಿಂದ ನಿವೃತ್ತರಾಗಿ, ಬ್ಯಾಂಕುಗಳ ಹಣ ಸಾಗಿಸುವ ಒಂದು ಕಂಪನಿಯಲ್ಲಿ ಕಾವಲಿನವರ ಮೇಲ್ವಿಚಾರಣೆ ನೋಡುತ್ತಿದ್ದರು. ಒಂದು ಭಾನುವಾರ ಅವರು ಎರಡು ಬುಲೆಟ್ ಪ್ರೂಫ್ ಜಾಕೆಟ್ ತಂದು ಚಾಚಾನ ಮನೆಯ ಮಂಚದ ಮೇಲೆ ಹರಡಿದರು. ಹೊಲಿಗೆಯ ಕೆಲಸ ಇದೆ ಎಂದು ನನ್ನನ್ನೂ ಕರೆಸಿದರು. ಚಾಚಿ ಪರದೆಯ ಹಿಂದೆ ನಿಂತಿದ್ದರು.

"ಮೊದ್ಲು ಹೇಳು. ನೀನು ಹೆದರ್ಬೇಕಾಗಿರೋದು ಯಾತಕ್ಕೆ? ರೈಫಲ್ಲಿಗೋ, ಪಿಸ್ತೂಲಿಗೋ, ಮಚ್ಚಿಗೋ?" ಎಂದರು ಸುಬೇದಾರರು.

"ಚೆಕಿಂಗಿಗೆ," ಎಂದು ಚಾಚಾ ನನ್ನ ಕಡೆ ಕೈ ತೋರಿಸಿದರು.

"ತಮಾಷೆ ಬುಡ್ಲಾ. ಇದು ನೋಡು, ಉಕ್ಕಿನ ತಗಡು ಹಾಕಿರೋದು. ರೈಫಲ್ ಗುಂಡನ್ನೂ ತಡೆಯುತ್ತೆ. ಆದ್ರೆ ಇದನ್ನ ಹಾಕ್ಕೊಂಡು ನೀನು ಫುಟ್‌ಬೋರ್ಡಿನ ಮೇಲೆ ನಿಂತ್ರೆ ಬಸ್ಸೇ ಒಂದು ಕಡೆ ವಾಲುತ್ತೆ. ಎರಡು ದಿನ ಹಾಕ್ತೀಯ, ಮೂರ್ನೇ ದಿನ ಮೊಳೆಗೆ ನೇತಾಕ್ತೀಯ. ಇದು ಬಟ್ಟೆದು, ಪದರ ಪದರ. ಪಿಸ್ತೂಲಿಗೆ ಸಾಕು. ಮನೇಲಿ ನೇತಾಡೋ ದೊಡ್ಡ ಕವಚಕ್ಕಿಂತ ಮೈಮೇಲಿರೋ ಚಿಕ್ಕದು ವಾಸಿ."

"ಮಚ್ಚು ಬಂದ್ರೆ?"

"ಮಚ್ಚಿಗೆ ಇದು ಅಷ್ಟಕ್ಕಷ್ಟೆ. ಯಾರ್ನೂ ಹತ್ರ ಬಿಟ್ಕೋಬೇಡ."

"ಸರಿ ಹೋಯ್ತು! ನನ್ನ ಬಸ್ಸಲ್ಲಿ ಜನ ನನ್ನ ಕಾಲ್ಮೇಲೇ ನಿಂತಿರ್ತಾರಪ್ಪ," ಎಂದರು ಚಾಚಾ. ಪರದೆಯ ಹಿಂದೆ ಚಾಚಿ ಎಷ್ಟೋ ತಿಂಗಳ ಮೇಲೆ ನಕ್ಕದ್ದು ಕೇಳಿಸಿತು.

ಬಟ್ಟೆಯದನ್ನೇ ಆರಿಸಿದ್ದಾಯಿತು. ಅಳತೆಯ ತಾಪತ್ರಯ ಶುರುವಾದದ್ದು ಆಮೇಲೆ. ನಾನು ಬ್ಲೌಸ್ ಹೊಲಿಯುವವಳು, ಗಂಡಸರ ಮೈಗೆ ಟೇಪು ಹಿಡಿದರೆ ಗುಬ್ಬಿಯ ಬಾಯಿ ಮುಚ್ಚಿಸುವುದು ಯಾರು? ಕೊನೆಗೆ ಚಾಚಾನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಚಾಚಿಯೇ ಜಾಕೆಟ್ ತೊಡಿಸಿದರು. ಸುಬೇದಾರರು ಮುಂದಿನ ಕೋಣೆಯಿಂದ ಕೂಗುವುದು, ನಾನು ಪರದೆ ಹತ್ತಿರ ನಿಂತು ಅದನ್ನು ಒಳಗೆ ದಾಟಿಸುವುದು, ಚಾಚಿ "ಹೂಂ, ಆಯ್ತು" ಎನ್ನುವುದು.

"ಗಂಟಲ ಗುಳಿಯಿಂದ ಎರಡು ಬೆರಳು ಕೆಳಗೆ ಶುರುವಾಗ್ಬೇಕು!"

"ಕೂತ್ಕೊಂಡ್ರೆ ಗದ್ದಕ್ಕೆ ಗುದ್ದಬಾರ್ದು! ಗುದ್ದಿದ್ರೆ ಉದ್ದ ಜಾಸ್ತಿ!"

"ಪಕ್ಕದಲ್ಲಿ ಹಿಂದಿನದರ ಮೇಲೆ ಮುಂದಿನದು ಕೂರ್ಬೇಕು, ಸಂದು ಬಿಡಬಾರ್ದು!"

ಸಂದು ಬಿಡುತ್ತಿತ್ತು. ಎಡ ಭುಜ ಇಳಿಜಾರಾಗಿದ್ದರಿಂದ ಜಾಕೆಟ್ ಪೂರಾ ಎಡಕ್ಕೆ ಜಾರಿ, ಬಲಗಡೆ ಕಂಕುಳ ಕೆಳಗೆ ಒಂದು ಅಂಗೈಯಗಲ ಮೈ ಬಯಲಾಗುತ್ತಿತ್ತು. ಬಸ್ಸಿನ ಕಂಬಿ ಹಿಡಿಯಲು ಕೈ ಎತ್ತಿದರೆ ಇನ್ನೂ ಜಾಸ್ತಿ. ಒಳಗೆ ಕಪ್ಪು ರೆಕ್ಸಿನ್ನಿನಂಥ ಚೀಲದಲ್ಲಿ ಗಾಳಿಯೂ ಹೋಗದಂತೆ ಮುಚ್ಚಿದ ಎರಡು ದಪ್ಪ ಹಾಳೆಗಳಿದ್ದವು, ಎದೆಗೊಂದು, ಬೆನ್ನಿಗೊಂದು. ಅವನ್ನು ಮುಟ್ಟುವ ಹಾಗಿಲ್ಲ. ನಾನು ಮೇಲಿನ ಗೌಸನ್ನು ಬಿಚ್ಚಿ, ಎಡ ಭುಜದ ಪಟ್ಟಿ ಗಿಡ್ಡ ಮಾಡಿ, ಬಲಗಡೆ ಪಕ್ಕದ ಪಟ್ಟಿ ಅಗಲ ಮಾಡಿ, ಕಾಟನ್ ಬಟ್ಟೆಯಲ್ಲಿ ಹೊಸದಾಗಿ ಹೊಲಿದೆ. ಖಾಕಿ ಅಂಗಿಗಳನ್ನೂ ಬಿಚ್ಚಿ ದೊಡ್ಡದು ಮಾಡಿದೆ. ಹೊರಗಿನಿಂದ ನೋಡಿದರೆ ಚಾಚಾಗೆ ಸ್ವಲ್ಪ ಮೈ ಬಂದಿದೆ ಎನ್ನಿಸುತ್ತಿತ್ತು, ಅಷ್ಟೇ. ನನ್ನ ಜೀವಮಾನದಲ್ಲಿ ಅಷ್ಟು ಭಯಭಕ್ತಿಯಿಂದ ಇನ್ನಾವ ಬಟ್ಟೆಯನ್ನೂ ಹೊಲಿದಿಲ್ಲ.

ಹೊರಡುವಾಗ ಸುಬೇದಾರರು ಪರದೆಯ ಕಡೆ ತಿರುಗಿ ಹೇಳಿದರು: "ತಂಗಿ, ಮೇಲಿನ ಗೌಸು ಎಷ್ಟು ಬೇಕಾದ್ರೂ ಒಗಿ. ಒಳಗಿನ ಹಾಳೆ ಮಾತ್ರ ಒಗೀಬಾರ್ದು. ಬೆವರು ಗಿವರು ಆದ್ರೆ ಒದ್ದೆ ಬಟ್ಟೇಲಿ ಒರೆಸಿ ನೆರಳಲ್ಲಿ ಮಲಗಿಸು. ಬಿಸ್ಲಿಗೆ ಹಾಕ್ಬಾರ್ದು, ಮಡಚಬಾರ್ದು."

ಚಾಚಿ "ಹೂಂ" ಎಂದರು.

ಅವತ್ತಿನಿಂದ ಆ ಮನೆಯಲ್ಲಿ ಬೆಳಗಿನ ಹೊತ್ತಿನದೊಂದು ಕ್ರಮವಾಯಿತು. ಚಾಚಾ ನಮಾಜು ಮುಗಿಸಿ ಬಂದು ಕೈ ಎತ್ತಿ ನಿಲ್ಲುವುದು, ಚಾಚಿ ಜಾಕೆಟ್ ತೊಡಿಸಿ, ಪಟ್ಟಿ ಕಟ್ಟಿ, ಏನೋ ಓದಿ ಎದೆಗೆ ಉಸಿರು ಊದುವುದು, ಮೇಲೆ ಖಾಕಿ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಒಲೆಯಂಥ ಬಸ್ಸಿನಲ್ಲಿ, ಅದನ್ನು ಹಾಕಿಕೊಂಡು ಇಡೀ ದಿನ ಹೇಗೆ ನಿಲ್ಲುತ್ತಿದ್ದರೋ. ಬೆನ್ನೆಲ್ಲ ಬೆವರುಸಾಲೆ. "ಚಾಚಾ, ಚಳಿಗಾಲದ ಸ್ವೆಟರ್ ಬಿಚ್ಚೋದು ಯಾವಾಗ?" ಎಂದು ನಾನು ರೇಗಿಸಿದರೆ, "ಕೋರ್ಟ್ ರಜಾ ಕೊಟ್ಟಾಗ ಕಣವ್ವ" ಎನ್ನುತ್ತಿದ್ದರು. ಆದರೆ ಚಾಚಿ ಮಧ್ಯಾಹ್ನ ಊಟ ಮಾಡಲು ಶುರು ಮಾಡಿದರು. ನಮ್ಮ ಅಮ್ಮನ ಮುದ್ದೆಯ ತಟ್ಟೆ ಬರಿದಾಗಿ ವಾಪಸ್ಸು ಬಂತು.

ಚಾಚಾ ಸಾಕ್ಷಿ ಹೇಳಬೇಕಾದ ದಿನ ಗೊತ್ತಾಗಿ, ಅದಕ್ಕಿನ್ನೂ ಒಂದೆರಡು ವಾರ ಇದೆ ಎನ್ನುವಾಗ, ನಾನು ಒಂದು ಮಧ್ಯಾಹ್ನ ಬಟ್ಟೆ ತೆಗೆಯಲು ತಾರಸಿಗೆ ಹೋದೆ. ಪಕ್ಕದ ತಾರಸಿಯ ಮೇಲೆ, ಚಾಚಿ ಮೆಣಸಿನಕಾಯಿ ಒಣಗಿಸುವ ಹಗ್ಗದ ಮಂಚದ ಮೇಲೆ, ಹಳದಿ ಬಣ್ಣದ ಬಟ್ಟೆಯ ಎರಡು ದಪ್ಪ ಕಂತೆ ನೆತ್ತಿಯ ಬಿಸಿಲಿನಲ್ಲಿ ಬಿದ್ದಿದ್ದವು. ಅರಿಸಿನದ ಹಳದಿ. ಅಲ್ಲಲ್ಲಿ ಬಿಳಿಚಿಕೊಂಡಿತ್ತು. ಆ ಆಕಾರ ನನಗೆ ಗುರುತಾಯಿತು: ಒಂದು ಎದೆಯದು, ಒಂದು ಬೆನ್ನಿನದು. ಬ್ಲೀಚಿಂಗ್ ಪೌಡರಿನ ವಾಸನೆ ನಮ್ಮ ತಾರಸಿಯವರೆಗೂ ಬರುತ್ತಿತ್ತು.

"ಚಾಚಿ, ಇದೇನು ಮಾಡಿದ್ರಿ?"

ಚಾಚಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹತ್ತಿರ ಬಂದರು. ಮುಖದಲ್ಲಿ ಕೆಲಸ ಮುಗಿಸಿದ ಸಮಾಧಾನ. "ಮೊನ್ನೆ ಬಸ್ಸಲ್ಲಿ ಯಾವ್ದೋ ಮಗು ಅವರ ಮೈಮೇಲೆ ಉಚ್ಚೆ ಹುಯ್ದ್‌ಬುಟ್ಟಿದೆ ಕಣಮ್ಮ. ಗೌಸು ದಾಟಿ ಒಳಗೆ ಇಳಿದಿತ್ತು. ಆ ಅಣ್ಣ ಬೆವರಿಗೆ ಒಗೀಬೇಡ ಅಂದಿದ್ರು. ಇದು ಬೆವರಲ್ವಲ್ಲ! ಗಲೀಜು ಮೈಮೇಲೆ ಇಟ್ಕೊಂಡು ಅಲ್ಲಾನ ಹತ್ರ ಕಾಪಾಡು ಅಂತ ಹೆಂಗೆ ಕೇಳೋದು? ಕಪ್ಪು ಚೀಲ ಬಿಚ್ಚಿ ಮೂರು ನೀರಲ್ಲಿ ತೆಗೆದೆ. ನೋಡಿದ್ರೆ ಒಳಗೆಲ್ಲ ಹಳದಿ ಕಲೆ! ಬ್ಲೀಚಿಂಗ್ ಹಾಕಿ ನೆನೆಸಿ ಉಜ್ಜಿದೀನಿ, ಎಷ್ಟು ಉಜ್ಜಿದ್ರೂ ಪೂರ್ತಿ ಹೋಗ್ಲೇ ಇಲ್ಲ."

ಆ ನೂಲಿನ ಬಣ್ಣವೇ ಹಳದಿ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ನನಗೇ ಗೊತ್ತಿರಲಿಲ್ಲ. ಬಸ್ಸು ರಿಪೇರಿಗೆ ನಿಂತು ಚಾಚಾ ಗ್ಯಾರೇಜಿಗೆ ಹೋಗಿದ್ದ ಎರಡು ದಿನವೂ, ಕಲೆ ಎಂದು ತಿಳಿದು, ಆಕೆ ಕೂತು ತಿಕ್ಕಿದ್ದರು. ಬೆರಳ ತುದಿಯ ಚರ್ಮವೆಲ್ಲ ಸುಲಿದಿತ್ತು.

ನಾನು ಅವರಿಗೆ ಏನೂ ಹೇಳಲಿಲ್ಲ. ಮೊದಲು ಚಾಚಾಗೆ ಹೇಳಿದೆ. ಅವರು ಸುಬೇದಾರರಿಗೆ ಫೋನ್ ಮಾಡಿಸಿದರು. ಸುಬೇದಾರರು ಭಾನುವಾರ ಬಂದಾಗ ಚಾಚಿ ನಮ್ಮ ಅಮ್ಮನ ಜೊತೆ ಸಂತೆಗೆ ಹೋಗಿದ್ದರು. ಸುಬೇದಾರರು ಆ ಕಂತೆಯನ್ನು ಎತ್ತಿ ಮೂಸಿದರು. ಅಂಚಿನ ಒಂದು ನೂಲು ಎಳೆದರು. ಜಗ್ಗಿದರೂ ಕೀಳಬಾರದ ನೂಲು ಪಟಕ್ಕೆಂದು ಕಿತ್ತು ಬಂತು. ಇನ್ನೊಂದು ಎಳೆದರು, ಅದೂ ಬಂತು.

"ನೀರೊಂದೇ ಆಗಿದ್ರೆ ಒಣಗಿಸಿ ನೋಡ್ಬೋದಿತ್ತು. ಬಿಸ್ಲು, ಮೇಲೆ ಬ್ಲೀಚಿಂಗು... ಇನ್ನು ಇದನ್ನ ನಂಬೋ ಹಾಗಿಲ್ಲ ಕಣೋ," ಎಂದರು. "ಬೇರೆ ತರಿಸೋಣ. ಸ್ವಲ್ಪ ಟೈಮ್ ಹಿಡಿಯುತ್ತೆ. ಅಲ್ಲೀವರ್ಗೂ ರಜಾ ಹಾಕು."

ಚಾಚಾ ಆ ಹಳದಿ ಕಂತೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟರು. ಆಮೇಲೆ ಹೇಳಿದ ಮಾತನ್ನು ನಾನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆಯುತ್ತಿದ್ದೇನೆ. "ಬೇರೆ ಬೇಡಪ್ಪ. ಹೊಸದು ತಂದ್ರೆ ಹಳೇದಕ್ಕೇನಾಯ್ತು ಅಂತಾಳೆ. ಏನಂತ ಹೇಳ್ಲಿ? ಒಂದ್ಸಲ ನೀರು ಹುಯ್ದು ಮಗೂನ ಕಳ್ಕೊಂಡೆ ಅಂತ ಇಷ್ಟು ವರ್ಷದಿಂದ ಸಾಯ್ತಾ ಅವ್ಳೆ. ಈಗ ನೀನು ಒಗೆದು ಗಂಡನ್ನೂ ಕಳ್ಕೊಳ್ತಿದ್ದೆ ಅಂತ ಹೇಳ್ಲಾ? ನಂಗಾಗಲ್ಲ. ಗುಂಡು ಬಿದ್ರೆ ಒಂದೇ ಸಲ ಸಾಯ್ತೀನಿ. ಈ ಮಾತು ಅವಳಿಗೆ ದಿನಾ ಬೀಳುತ್ತೆ."

ಸುಬೇದಾರರು ಬೈದರು. ಮಿಲಿಟರಿ ಬೈಗುಳ, ಕೇಳುವ ಹಾಗಿರಲಿಲ್ಲ. ನಾನು ಅತ್ತೆ, ಜಗಳವಾಡಿದೆ, ಗುಟ್ಟಾಗಿ ಹೊಸದು ತಂದು ಅದೇ ಗೌಸಿನಲ್ಲಿ ಹೊಲಿದುಬಿಡುತ್ತೇನೆ ಎಂದೆ. ಸುಬೇದಾರರು ಅದಕ್ಕೂ ಓಡಾಡಿದರು. ಆದರೆ ಅಷ್ಟರಲ್ಲಿ ಅವರ ಕಂಪನಿಯಲ್ಲಿ ನಿಯಮ ಬಿಗಿಯಾಗಿ, ಹೊರಗಿನವರಿಗೆ ಕೊಡುವುದು ನಿಂತುಹೋಗಿತ್ತು. ಬೇರೆ ಕಡೆ ಕೇಳಿದರೆ ತಿಂಗಳುಗಟ್ಟಲೆ ಕಾಯಬೇಕು. ಕೋರ್ಟಿನ ದಿನ ಕಾಯುತ್ತದೆಯೇ?

"ನೀನು ಬಾಯ್ಬುಡಬಾರ್ದು ಕಣವ್ವ. ಅವ್ಳು ಊಟ ಮಾಡ್ತಿದಾಳೆ. ಅಷ್ಟು ಸಾಕು," ಎಂದರು ಚಾಚಾ. ಹಾಳಾದ ಆ ಹಾಳೆಗಳನ್ನು ನಾನೇ ಕಪ್ಪು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಗೌಸು ಹಾಕಿ ಕೊಟ್ಟೆ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ.

ಸಾಕ್ಷಿಯ ದಿನ ಅವರು ತುಮಕೂರಿಗೆ ತಮ್ಮ ಬಸ್ಸಿನಲ್ಲೇ ಹೋದರು. ಚಾಚಿ ಪಟ್ಟಿ ಕಟ್ಟಿ, ಓದಿ, ಊದಿ ಕಳಿಸಿದರು. ಜೊತೆಗೆ ಸುಬೇದಾರರು ಇದ್ದರು. ನಡೆದದ್ದನ್ನು ನನಗೆ ಹೇಳಿದವರೂ ಅವರೇ. ಕೋರ್ಟಿನ ಕಾಂಪೌಂಡಿನಲ್ಲಿ ಆ ಕಡೆಯವರ ದಂಡೇ ನಿಂತಿತ್ತಂತೆ. ಅವರ ನಡುವೆ ದಾರಿ ಬಿಡಿಸಿಕೊಂಡು ಚಾಚಾ ನಡೆದ ರೀತಿ ನೋಡಿ, ಗೊತ್ತಿದ್ದ ಸುಬೇದಾರರಿಗೇ ಒಂದು ಕ್ಷಣ ಜಾಕೆಟ್ ಗಟ್ಟಿಯಾಗಿದೆ ಎನ್ನಿಸಿತಂತೆ. ಆ ಕಡೆಯ ವಕೀಲರು ಕೇಳಿದರು: "ದಿನಾ ನೂರಾರು ಪ್ಯಾಸೆಂಜರುಗಳನ್ನ ನೋಡ್ತೀಯ. ಈ ಒಂದು ಮುಖ ಹೇಗಯ್ಯ ನೆನಪಿರುತ್ತೆ?"

"ಸ್ವಾಮಿ, ಟಿಕೆಟ್ ತಗೊಂಡೋರ ಮುಖ ಮರೀಬೋದು. ತಗೊಳ್ದೇ ಇರೋರ ಮುಖ ಕಂಡಕ್ಟರ್ ಮರೆಯಲ್ಲ," ಎಂದರಂತೆ ಚಾಚಾ. ಜಡ್ಜ್ ಸಾಹೇಬರೂ ಮುಖ ತಗ್ಗಿಸಿ ನಕ್ಕರಂತೆ.

ಒಬ್ಬನಿಗೆ ಶಿಕ್ಷೆ ಆಯಿತು, ಇನ್ನೊಬ್ಬ ಬಿಡುಗಡೆಯಾದ. ಅವನು ಹೊರಗೆ ಇದ್ದಾನೆ ಎಂದು ಚಾಚಿ ಜಾಕೆಟ್ ಬಿಡಿಸಲಿಲ್ಲ. ಮೇಲಿನ ಕೋರ್ಟಿಗೆ ಅಪೀಲು ಹೋಯಿತು, ಅದು ವರ್ಷಗಟ್ಟಲೆ ಎಳೆಯಿತು. ಅಷ್ಟೂ ವರ್ಷ ಚಾಚಾ, ಒಂದು ಗುಂಡನ್ನೂ ತಡೆಯಲಾರದ ಆ ಭಾರವನ್ನು, ಬೇಸಗೆ ಮಳೆಗಾಲ ಎನ್ನದೆ ಹೊತ್ತರು. ಬಸ್ಸಿನಿಂದ ಇಳಿದು ಬಂದವರು ಮೊದಲು ನಮ್ಮ ಜಗಲಿಯ ಮೇಲೆ ಕೂತು ಉಸಿರು ಸುಧಾರಿಸಿಕೊಂಡು, ಮುಖ ಒರೆಸಿಕೊಂಡು, ಆಮೇಲೆ ನಗುತ್ತ ಒಳಗೆ ಹೋಗುವರು. ಒಂದು ದಿನ ತಡೆಯಲಾರದೆ ಕೇಳಿದೆ: "ಸಾಕಲ್ವಾ ಚಾಚಾ? ಯಾರ ಕಣ್ಣಿಗೆ ಮಣ್ಣು ಹಾಕೋಕೆ ಇದು?" ಅವರು ತಮಾಷೆ ಮಾಡಲಿಲ್ಲ. "ಅವಳ ನಿದ್ದೆಗೆ ಕಣವ್ವ," ಎಂದರು.

ಸುಬೇದಾರರು ಮೊದಲು ತೀರಿಕೊಂಡರು. ಎರಡು ಸಾವಿರದ ಈಚೆಗೆ, ಒಂದು ಬೆಳಿಗ್ಗೆ, ಚಾಚಾ ಮುಖ ತೊಳೆದು ಬಂದು ಮಂಚದ ಮೇಲೆ ಕೂತವರು ಹಾಗೇ ಒರಗಿದರು. ಚಾಚಿ ಜಾಕೆಟ್ ಹಿಡಿದು ಬಂದಾಗ ಎಲ್ಲ ಮುಗಿದಿತ್ತು. ಹೃದಯ, ಎಂದರು ಡಾಕ್ಟರು. ಅವತ್ತು ತುಮಕೂರು ಚೇಳೂರು ಬಸ್ಸು ಓಡಲಿಲ್ಲ. ಡ್ರೈವರ್ ಅದನ್ನು ತಂದು ನಮ್ಮ ಬೀದಿಯ ತುದಿಯಲ್ಲಿ ನಿಲ್ಲಿಸಿದ. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡ ಎಷ್ಟೋ ಹೆಂಗಸರು ಯಾವ ಯಾವ ಊರಿನಿಂದಲೋ ಬಂದಿದ್ದರು. ಚಾಚಿ ಅಳಲಿಲ್ಲ. ಬಂದವರಿಗೆಲ್ಲ ಒಂದೇ ಮಾತು: "ಅಲ್ಲಾ ಕರ್ಕೊಂಡ. ಆ ಕೊಲೆಗಡುಕರ ಕೈಗೆ ಬಿಟ್ಟುಕೊಡ್ಲಿಲ್ವಲ್ಲ." ನಾನು ನಮ್ಮ ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಇಬ್ಬರ ಪಾಲಿಗೂ ಸೇರಿಸಿ ಅತ್ತೆ.

ಗಂಡ ತೀರಿದ ಮೇಲೆ ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ದಿನಗಳು ಮುಗಿದ ಮೇಲೆ ಚಾಚಿ ನನ್ನನ್ನು ಕರೆಸಿದರು. ಮುಂದಿನ ಕೋಣೆಯಲ್ಲಿ ಬೆಳ್ಳಾವಿ ಕಡೆಯ ಒಬ್ಬ ತಾಯಿ ಕೂತಿದ್ದಳು. ಅವಳ ಮಗಳು ಅಂಗನವಾಡಿ ಟೀಚರಂತೆ. ಮರಳು ಲಾರಿಯವರು ಒಬ್ಬನನ್ನು ಹೊಡೆದು ಕೆಡವಿದ್ದನ್ನು ಕಂಡು, ಕಂಡದ್ದನ್ನು ಸ್ಟೇಷನ್ನಿನಲ್ಲಿ ಹೇಳಿದ್ದಳು. ಈಗ ಅವಳಿಗೂ ಪಿಸ್ತೂಲು ತೋರಿಸಿದ್ದಾರೆ. ಚಾಚಾನ ಕಥೆ ಕೇಳಿ ತಾಯಿ ಹುಡುಕಿಕೊಂಡು ಬಂದಿದ್ದಳು. ಚಾಚಿ ನನ್ನನ್ನು ಒಳಗೆ ಕರೆದು, ಬಿಳಿ ಬಟ್ಟೆಯಲ್ಲಿ ಬೇವಿನ ಸೊಪ್ಪು ಹಾಕಿ ಸುತ್ತಿಟ್ಟ ಜಾಕೆಟ್ ಬಿಚ್ಚಿದರು.

"ಇದನ್ನ ಆ ಹುಡ್ಗಿ ಅಳತೆಗೆ ಸಣ್ಣ ಮಾಡಿ ಕೊಡಮ್ಮ. ಒಂದು ಜೀವ ಉಳಿಸಿದ್ದು, ಇನ್ನೊಂದು ಉಳಿಸ್ಲಿ. ಅವರಿಗೂ ಪುಣ್ಯ ಬರುತ್ತೆ."

ನಾನು ಜಾಕೆಟ್ ಕೈಗೆ ತೆಗೆದುಕೊಂಡೆ, ಕೆಳಗಿಟ್ಟೆ. ಕೇಳೋಣ ಎಂದರೆ ಸುಬೇದಾರರಿಲ್ಲ. ಬಟ್ಟೆ ಹಳತಾಯಿತು, ಹೊಲಿಗೆ ನಿಲ್ಲುವುದಿಲ್ಲ ಎಂದು ಏನಾದರೂ ಸುಳ್ಳು ಹೇಳಬಹುದಿತ್ತು. ಒಂದು ಸುಳ್ಳು ಹೇಳಿಯೂ ನೋಡಿದೆ. "ನೀನು ಮನಸ್ಸು ಮಾಡಿದ್ರೆ ಹೊಲಿಗೆ ನಿಲ್ಲದೇ ಇರೋದುಂಟಾ?" ಎಂದು ಚಾಚಿ ಜಾಕೆಟ್ಟನ್ನು ಮತ್ತೆ ನನ್ನ ಕೈಗೇ ಇಟ್ಟರು. ನಾನು ಒಲ್ಲೆ ಎಂದರೆ ಇನ್ನೊಬ್ಬ ಟೈಲರ್ ಹತ್ತಿರ ಹೋಗುವವರು. ಆ ಹುಡುಗಿ ಅದನ್ನು ನಂಬಿಕೊಂಡು ರಸ್ತೆಗೆ ಇಳಿಯುತ್ತಾಳೆ. ಚಾಚಾ ಗೊತ್ತಿದ್ದೂ ಹಾಕಿಕೊಂಡರು, ಅದು ಅವರ ಇಷ್ಟ. ಈ ಹುಡುಗಿಗೆ ಗೊತ್ತಿರುವುದಿಲ್ಲ.

"ಚಾಚಿ, ಇದು ಗುಂಡು ತಡೆಯಲ್ಲ," ಎಂದೆ. "ಅವತ್ತು ಒಗೆದು ಬಿಸಿಲಿಗೆ ಹಾಕಿದ್ರಲ್ಲ, ಆವಾಗ್ಲೇ ಹಾಳಾಯ್ತು."

ಚಾಚಿ ಜಾಕೆಟ್ಟನ್ನು ತಮ್ಮ ಕಡೆ ಎಳೆದುಕೊಂಡರು. "ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಕೋರ್ಟಿಗೆ ಹೋದಾಗ?"

"ಆಗ್ಲೂ ಗೊತ್ತಿತ್ತು ಚಾಚಿ."

"ಮತ್ತೆ ದಿನಾ ಬೆಳಿಗ್ಗೆ ಇನ್ನೂ ಬಿಗಿಯಾಗಿ ಕಟ್ಟೇ, ಇನ್ನೂ ಬಿಗಿಯಾಗಿ ಕಟ್ಟೇ ಅಂತಿದ್ರಲ್ಲ..." ಎಂದರು. ಆಮೇಲೆ ತಾವಾಗಿಯೇ, ತೀರಾ ಸಣ್ಣ ದನಿಯಲ್ಲಿ ಕೇಳಿದರು: "ಮಗೂನ ಸ್ನಾನದ್ದು ನೆನೆಸ್ಕೊಂಡು ಸುಮ್ನಿದ್ರಾ?"

ನಾನು ತಲೆಯಾಡಿಸಿದೆ. ಗಂಡ ಸತ್ತ ದಿನ ಅಳದ ಹೆಂಗಸು ಆಗ ನೆಲದ ಮೇಲೆ ಕುಸಿದು, ಆ ಜಾಕೆಟ್ಟಿಗೆ ಮುಖ ಒತ್ತಿ ಅತ್ತರು. ಚಾಚಾ ಇಡೀ ಜೀವಮಾನದಲ್ಲಿ ನನ್ನ ಹತ್ತಿರ ಬೇಡಿಕೊಂಡದ್ದು ಒಂದೇ ಮಾತು, ಅದನ್ನು ನಾನು ಮುರಿದೆ. ಅವರ ಬಸ್ಸು ಹತ್ತಿದವರ ವಿಷಯದಲ್ಲಿ ಅವರೂ ಹೀಗೇ ಮಾಡುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ಆ ಋಣ ನನ್ನ ಮೇಲೆ ಹಾಗೇ ಇದೆ.

ಅಳು ನಿಂತ ಮೇಲೆ ಚಾಚಿ ಎದ್ದರು. ಮುಖ ತೊಳೆದುಕೊಂಡು, ಸೆರಗು ಹೊದ್ದು, ಮುಂದಿನ ಕೋಣೆಗೆ ಹೋಗಿ ಆ ತಾಯಿಯ ಎದುರು ಕೂತರು.

"ಇದು ಬ್ಯಾಡಮ್ಮ, ಇದು ಹಾಳಾಗಿದೆ. ಹೆಂಗಾದ್ರೂ ಮಾಡಿ ಹೊಸದು ತರ್ಸು. ನಿನ್ನ ಮಗಳ ಅಳತೆಗೆ ಇವ್ಳು ಸರಿಮಾಡಿ ಕೊಡ್ತಾಳೆ. ಒಂದು ಮಾತು ನೆನಪಿಟ್ಕೊ. ಏನೇ ಗಲೀಜಾದ್ರೂ ಒಳಗಿನದ್ದು ಒಗೀಬ್ಯಾಡ. ಹಳದಿ ಇರುತ್ತೆ, ಅದು ಕಲೆ ಅಲ್ಲ. ನಾನು ಒಗೆದ್‌ಬುಟ್ಟೆ."

"ಅಯ್ಯೋ! ಆದ್ರೂ ನಿಮ್ಮ ಯಜಮಾನ್ರಿಗೆ ಏನೂ ಆಗ್ಲಿಲ್ವಲ್ಲ ತಾಯಿ?" ಎಂದಳು ಅವಳು.

"ಇಲ್ಲಮ್ಮ," ಎಂದರು ಚಾಚಿ. "ನಂಗೆ ಏನೂ ಆಗ್ದಂಗೆ ನೋಡ್ಕೊಂಡು ಹೋದ್ರು."